ಪಡಸಾಲೆಯಲ್ಲಿ ನಿಂತ ಗಾಡಿ

ಮಠದಲ್ಲಿ ವ್ಯಾಕರಣ ಕಲಿತವನಿಗೆ ಪೆಟ್ರೋಲ್ ಟ್ಯಾಂಕಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನವಲಗುಂದ ಸೀಮೆಯ ಹಳ್ಳಿಗಳಲ್ಲಿ ಶ್ರಾವಣಮಾಸದ ಪ್ರವಚನಕ್ಕೆ ಹೋಗುವವನಿಗೆ ಸಂಜೆಯ ಬಸ್ಸು ದೊರೆತರೂ ರಾತ್ರಿ ಮರಳುವ ಬಸ್ಸು ದೊರೆಯದು. ಆ ಕಾರಣದಿಂದ 1988ರಲ್ಲಿ ನಾನೊಂದು ಯೆಜ್ಡಿ ಮೋಟಾರ್ ಸೈಕಲ್ ಕೊಂಡೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಗಾಡಿ ಮಾತ್ರ ಎರೆಮಣ್ಣಿನ ಕೆಸರು ತುಳಿಯುತ್ತ ಇಂದಿಗೂ ನನ್ನೊಡನಿದೆ.

ಕಳೆದ ಶ್ರಾವಣದಲ್ಲಿ ಮಳೆ ಹಿಡಿದುದರಿಂದ ಗಾಡಿಯನ್ನು ಪಡಸಾಲೆಯಲ್ಲಿ ನಿಲ್ಲಿಸಿದ್ದೆ. ರಾತ್ರಿ ಕೆಳಗೆ ನಾಲ್ಕು ಹನಿ ಪೆಟ್ರೋಲು ಕಂಡಿತು. ಬೆಳಗ್ಗೆ ನೋಡೋಣವೆಂದು ಅಡುಗೆಮನೆಯ ಬೋಗುಣಿಯೊಂದನ್ನು ಅಡಿಗಿಟ್ಟು ಮಲಗಿದೆ. ಇಂಥ ಬುದ್ಧಿಗೇಡಿತನವನ್ನು ಏನೆನ್ನಬೇಕು! ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಮೇಲೇರಿ ಹೋಗದೆ ನೆಲಗುಂಟ ಹರಿದು ಹೊಸ್ತಿಲು ದಾಟಿ ಮೂಲೆಯಲ್ಲಿ ನಿಲ್ಲುತ್ತದೆ. ಪಡಸಾಲೆಯ ಮಗ್ಗುಲಿಗೇ ಅಡುಗೆಮನೆ, ಅದರಾಚೆ ದೇವರ ಕೋಣೆ. ನಸುಕಿನಲ್ಲಿ ಎದ್ದ ನಮ್ಮ ಮನೆಯವರು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡವರು ವಾಸನೆಗೆ ತಡೆದು, “ಲಗೂನ ಏಳ್ರಿ, ಒಲಿ ಹಚ್ಚಂಗಿಲ್ಲ” ಎಂದು ಕೂಗಿದರು. ಮೊಮ್ಮಗ ಆ ಪಡಸಾಲೆಯಲ್ಲಿಯೇ ಮಲಗಿದ್ದ. ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಅವನನ್ನು ಎತ್ತಿಕೊಂಡು ಅಂಗಳಕ್ಕೆ ಬಂದಾಗ ನನ್ನ ಕಾಲು ನಡುಗುತ್ತಿದ್ದವು.

ಅಣ್ಣಿಗೇರಿಯಿಂದ ಬಂದ ಹಳೆಯ ಮಿಸ್ತ್ರಿ ಮೊದಲು ಕಾಕಿನ ವಾಶರ್ ಬದಲಿಸಿದರು. ಸೋರುವುದು ನಿಲ್ಲಲಿಲ್ಲ. ಆಗ ಟ್ಯಾಂಕಿನ ಅಡಿಯನ್ನು ಒರೆಸಿ ಸೀಮೆಸುಣ್ಣದ ಪುಡಿ ಬಳಿದರು. ಕಾಕಿನಿಂದ ನಾಲ್ಕು ಬೆರಳಾಚೆ, ಬೆಸುಗೆಯ ಅಂಚಿನಲ್ಲಿ ಪುಡಿ ತೊಯ್ದು ಕಪ್ಪಾಯಿತು. ಅಲ್ಲಿಂದ ಜಿನುಗಿದ ಪೆಟ್ರೋಲು ಅಂಚಿನಗುಂಟ ಹರಿದು ಕಾಕಿನ ಬಳಿ ತೊಟ್ಟಿಕ್ಕುತ್ತಿತ್ತು. ಅರ್ಧ ಖಾಲಿಯಿರುವ ಟ್ಯಾಂಕಿನೊಳಗೆ ತೇವದ ಗಾಳಿ ಸೇರಿ, ನೀರಾಗಿ ತಳಕ್ಕಿಳಿದು, ತಗಡನ್ನು ಒಳಗಿನಿಂದ ತಿನ್ನುತ್ತದೆ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಯತೊಡಗಿತು. ಅದಂತೂ ನೀರನ್ನು ಎಳೆದುಕೊಳ್ಳುವ ವಸ್ತು. ಆದರೂ ಮೂವತ್ತೇಳು ವರ್ಷದ ತುಕ್ಕನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ತೂತಿಗೆ ಬಟ್ಟೆ ಸಾಬೂನು ಒತ್ತಿ, ಗಾಡಿಯನ್ನು ಅಂಗಡಿಗೆ ಒಯ್ದೆವು. ಸಾಬೂನು ಪೆಟ್ರೋಲಿಗೆ ಕರಗದು. ದಾರಿಯ ಮಟ್ಟಿಗೆ ಸಾಕು. ಅಲ್ಲಿ ಟ್ಯಾಂಕು ಬರಿದು ಮಾಡಿದೊಡನೆ ಹುಡುಗನೊಬ್ಬ ಗ್ಯಾಸಿನ ಬೆಂಕಿ ಹಚ್ಚಲು ಹೊರಟ. ಮಿಸ್ತ್ರಿ ಗದರಿದರು: “ತುಂಬಿದ ಟಾಕಿಗಿಂತ ಖಾಲಿ ಟಾಕಿಗೆ ಹೆಚ್ಚು ಅಂಜಬೇಕೋ ತಮ್ಮಾ!” ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಭಾಗ ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಬರಿದಾದ ಟ್ಯಾಂಕಿನಲ್ಲಿ ಆವಿಯೂ ಉಂಟು, ಗಾಳಿಯೂ ಉಂಟು.

ವಾಶಿಂಗ್ ಸೋಡಾ ಕಲಸಿದ ಬಿಸಿನೀರಿನಿಂದ ಹಲವು ಸಲ ತೊಳೆದು, ಟ್ಯಾಂಕನ್ನು ಬೋರಲು ಮಾಡಿ, ತೂತಿನ ಕೆಳಗಿನವರೆಗೆ ನೀರು ತುಂಬಿಸಿದರು. ದೂರದ ಒಲೆಯಲ್ಲಿ ಕಾಸಿ ತಂದ ತಾಮ್ರದ ಕಡ್ಡಿಯನ್ನು ನವಸಾಗರಕ್ಕೆ ಉಜ್ಜಿದಾಗ ಬಿಳಿಯ ಹೊಗೆಯೆದ್ದಿತು. ಆ ವಾಸನೆ ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಒಯ್ದಿತು. ಜಾತ್ರೆಯ ಮುಂಚೆ ಕಲಾಯಿಗಾರ ಮಠದ ಅಂಗಳದಲ್ಲಿ ಕುಳಿ ತೋಡಿ ತಿದಿ ಹೂಡುತ್ತಿದ್ದ. ದಾಸೋಹದ ತಾಮ್ರದ ಹಂಡೆಗಳನ್ನು ಕಾಸಿ, ನವಸಾಗರ ಎರಚಿ, ಅರಳೆಯಿಂದ ತವರ ಸವರುತ್ತಿದ್ದ. ತಿದಿಯೊತ್ತಲು ವಿದ್ಯಾರ್ಥಿಗಳಾದ ನಮ್ಮಲ್ಲಿ ಪೈಪೋಟಿ. ಪಾಠ ತಪ್ಪಿತೆಂದು ಗುರುಗಳಿಂದ ಬೈಸಿಕೊಂಡದ್ದೂ ಉಂಟು. ಇಲ್ಲಿಯೂ ಅದೇ ತವರ, ಸೀಸದೊಡನೆ ಕೂಡಿ, ತೂತಿನ ಮೇಲೆ ಬೆಳ್ಳಿಯ ಹನಿಯಂತೆ ನಿಂತಿತು.

ಅನಂತರ ಹುಣಸೆಹುಳಿಯ ನೀರು, ಗರಸು ಹಾಕಿ ಕುಲುಕಿ ತುಕ್ಕು ತೆಗೆದರು. ಬೇರೆ ತೂತುಗಳಿದ್ದರೆ ಈಗಲೇ ಹೊರಬೀಳಲಿ ಎಂಬುದು ಅವರ ಲೆಕ್ಕ. ಒಂದೂ ಬೀಳಲಿಲ್ಲ.

ಗಾಡಿಗೆ ಈಗ ಪಡಸಾಲೆಯ ಪ್ರವೇಶವಿಲ್ಲ. ದನದ ಕೊಟ್ಟಿಗೆಯಿಂದಲೂ ದೂರ, ತಗಡಿನ ಮಾಡಿನ ಕೆಳಗೆ ಅದರ ವಾಸ. ಬೋಗುಣಿಯನ್ನು ಎಷ್ಟು ತಿಕ್ಕಿದರೂ ನಮ್ಮ ಮನೆಯವರು ಒಳಗೆ ಸೇರಿಸಲಿಲ್ಲ. ಮಿಸ್ತ್ರಿ ಅದರಲ್ಲಿ ನಟ್ಟು ಬೋಲ್ಟು ಇಟ್ಟುಕೊಂಡಿದ್ದಾರೆ.