ಧರೂರಿನ ಒಂದು ಊಟ



ರಾಯಚೂರಿನಿಂದ ಗದ್ವಾಲದ ಕಡೆ ಹೊರಟರೆ, ತೆಲಂಗಾಣದ ಗಡಿ ದಾಟಿದ ಮೇಲೆ ಧರೂರು ಸಿಗುತ್ತದೆ. ಅಂಗಡಿಗಳ ಫಲಕಗಳೆಲ್ಲ ತೆಲುಗು. ಆದರೂ ನಾನು ಕನ್ನಡದಲ್ಲಿ ಚಹಾ ಕೇಳಿದಾಗ, "ಸಕ್ಕರಿ ಹಾಕ್ಲೇನ್ರಿ?" ಎಂದು ಕನ್ನಡದಲ್ಲೇ ಉತ್ತರ ಬಂತು. ಆಶ್ಚರ್ಯವೇನಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಗಡಿ ಬದಲಾದರೂ ಬೀಗತನ ಉಳಿದಿದೆ.

ಸಕ್ಕರೆ ಬೇಡವೆಂದೆ. ನಾಲ್ಕು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆ. ಗುರುಗಳ ಪಾಡು ನಿಮಗೆ ಗೊತ್ತೇ ಇದೆ. ಹೋದ ಮನೆಯಲ್ಲೆಲ್ಲ ಚಹಾ, ಬಿಸ್ಕತ್ತು, ಬೆಟ್ಟದಷ್ಟು ಅನ್ನ. ಬೇಡವೆಂದರೆ ಪ್ರೀತಿಯಿಂದ ಬಡಿಸಿದವರ ಮುಖ ಬಾಡುತ್ತದೆ. ತಿಂದರೆ ನನ್ನ ರಕ್ತಪರೀಕ್ಷೆಯ ಚೀಟಿ ಬಾಡುತ್ತದೆ.

ಧರೂರು ಮಂಡಲದ ರೇವುಲಪಲ್ಲಿಯ ಬಳಿ ಕೃಷ್ಣಾ ನದಿಗೆ ಜುರಾಲಾ ಅಣೆಕಟ್ಟು ಇದೆ. ಅದಕ್ಕೆ ಅಡಿಗಲ್ಲು ಹಾಕಿದ್ದು 1981ರಲ್ಲಿ; ನೀರು ಹರಿದದ್ದು 1990ರ ದಶಕದಲ್ಲಿ. ಸುಮಾರು ಒಂದು ಲಕ್ಷ ಎಕರೆಗೆ ನೀರುಣಿಸುವ ಯೋಜನೆಯಿದು. ಜೋಳ, ಶೇಂಗಾ, ತೊಗರಿಯ ನೆಲದಲ್ಲಿ ಭತ್ತ ಬಂತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು. ಅದು ದೊಡ್ಡ ಆಶೀರ್ವಾದವೇ ಸರಿ. ಆದರೆ ತಟ್ಟೆಯಲ್ಲಿ ಅನ್ನ ಬೆಳೆದಂತೆ ಪಲ್ಯ ಅಂಚಿಗೆ ಸರಿಯಿತು.

ನಾನು ಊಟಕ್ಕೆ ಹೋದ ಮನೆಯ ಹಿರಿಯಮ್ಮ ನನಗೆ ಅನ್ನ ಬಡಿಸಿದರು. ತಾವು ಮಾತ್ರ ಒಳಗೆ ಬೇರೊಂದು ತಟ್ಟೆ ಇಟ್ಟುಕೊಂಡಿದ್ದರು: ಅರ್ಧ ತಟ್ಟೆ ಪುಂಡಿಪಲ್ಯ ಮತ್ತು ಹೀರೇಕಾಯಿ, ಒಂದು ಜೋಳದ ರೊಟ್ಟಿ, ಮಜ್ಜಿಗೆ. "ಅಮ್ಮಾ, ನನಗೂ ಅದೇ ಕೊಡಿ" ಎಂದೆ.

"ಅಯ್ಯ ಫಾದರ್, ಅನ್ನ ಇಲ್ಲದ ಊಟ ಹಾಕಿ ಕಳಿಸ್ಲೇನ್ರಿ ನಿಮಗ?" ಎಂದು ಸಂಕೋಚಪಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ನಮ್ಮ ಯಜಮಾನ್ರ ಕಾಲಬೆರಳು ತೆಗೆದ ಮ್ಯಾಲೆ ಹಿಂಗ ಉಣ್ಣಾಕ ಕಲಿತೀನ್ರಿ. ಮೊದಲೇ ಕಲಿತಿದ್ರ ಛಲೋ ಇತ್ತು."

ಅವರ ಅಡಿಗೆಯಲ್ಲಿ ಗುಟ್ಟೇನೂ ಇಲ್ಲ. ಪುಂಡಿ ಸೊಪ್ಪನ್ನು ಒಂದು ಹಿಡಿ ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸುತ್ತಾರೆ. ಗಟ್ಟಿಯಾಗಲು ಹಾಕುವ ಜೋಳದ ನುಚ್ಚನ್ನು ಬಿಟ್ಟು ಬೇಳೆಯನ್ನೇ ಕಡೆಯುತ್ತಾರೆ. ಮೇಲೆ ಬೆಳ್ಳುಳ್ಳಿಯ ಒಗ್ಗರಣೆ, ಎರಡೇ ಚಮಚ ಎಣ್ಣೆ. ಬದನೆಕಾಯಿಗೆ ಶೇಂಗಾ, ಗುರೆಳ್ಳು ಪುಡಿ ಉಂಟು, ಬೆಲ್ಲ ಇಲ್ಲ. ಹಾಗಲಕಾಯಿಗೂ ಇಲ್ಲ. "ಹಾಗಲಕಾಯಿ ಸಕ್ಕರೆಗೆ ಔಷಧ" ಎನ್ನುತ್ತಾ ಅದಕ್ಕೆ ಅಚ್ಚು ಬೆಲ್ಲ ಹಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ! ಆಲೂಗಡ್ಡೆಯನ್ನು ಅವರು ಪಲ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಿದ್ದ ದಿನ ರೊಟ್ಟಿ ಅರ್ಧ.

ಲೆಕ್ಕವೂ ಇದನ್ನೇ ಹೇಳುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ಜೋಳದಲ್ಲಿ ಸುಮಾರು 68 ಗ್ರಾಂ. ಹೀರೇಕಾಯಿಯಲ್ಲಿ 5 ಗ್ರಾಂ ಕೂಡ ಇಲ್ಲ. ಜೋಳದಲ್ಲಿ ನಾರು ಹೆಚ್ಚು, ನಿಜ. ಆದರೆ ರೊಟ್ಟಿಯೆಂದು ನಾಲ್ಕು ತಿಂದರೆ ಅನ್ನ ಬಿಟ್ಟದ್ದು ವ್ಯರ್ಥ. ಮೊದಲು ಪಲ್ಯ, ಬೇಳೆ ತಿಂದು ಕೊನೆಗೆ ರೊಟ್ಟಿ, ಅನ್ನ ತಿಂದರೆ ಊಟದ ನಂತರ ಸಕ್ಕರೆ ಏರುವುದೂ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗದರ್ಶನದಲ್ಲಿಯೂ ತಟ್ಟೆಯ ಅರ್ಧ ಭಾಗ ತರಕಾರಿ, ಹಣ್ಣುಗಳಿಗೆ ಮೀಸಲು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ನಮ್ಮ ಪ್ರತಿಯೊಂದು ಬೀದಿಯಲ್ಲೂ ಇಂಥವರು ಇದ್ದೇ ಇರುತ್ತಾರೆ.

ಒಂದು ಎಚ್ಚರಿಕೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಬಿಡಬಾರದು. ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ವೈದ್ಯರನ್ನು ಕೇಳಿಯೇ ಬದಲಾಯಿಸಿ.

ಹೊರಡುವಾಗ ಆ ತಾಯಿ, "ಮುಂದಿನ ಸಲ ಬಂದ್ರ ಅನ್ನ ಮಾಡಂಗಿಲ್ರಿ" ಎಂದು ನಕ್ಕರು. ಅತಿಥಿಗೆ ಇಷ್ಟು ದೊಡ್ಡ ಸತ್ಕಾರ ಬೇರೊಂದಿಲ್ಲ ಎಂದುಕೊಂಡೆ. ಓದುಗರೇ, ಮುಂದೆ ನಿಮ್ಮ ಮನೆಗೆ ಗುರುಗಳೋ ಬೀಗರೋ ಬಂದಾಗ, "ಇನ್ನೂ ಸ್ವಲ್ಪ ಅನ್ನ" ಎನ್ನುವ ಬದಲು "ಇನ್ನೂ ಸ್ವಲ್ಪ ಪಲ್ಯ" ಎಂದು ಒತ್ತಾಯಿಸಿ. ಪ್ರೀತಿ ಎಳ್ಳಷ್ಟೂ ಕಡಿಮೆಯಾಗದು.