ಬಣ್ಣ ನೋಡಲು ಟಿಕೇಟು

ಕಾಲಾಘೋಡಾದ ಹತ್ತಿರ ಕಾವಸ್‌ಜಿ ಜಹಾಂಗೀರ್ ಹಾಲ್ ಇದೆ, 1911ರದ್ದು. ಹಿಂದೆ ಸಭೆ, ಸಂಗೀತ ಕಚೇರಿ ನಡೆಯುತ್ತಿದ್ದ ಜಾಗ. 1996ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಅಪ್ಪಯ್ಯನಿಗೆ ಹೋಟೆಲಿನಲ್ಲಿ ಮಂಗಳವಾರ ರಜೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಇಬ್ಬರೂ ಹೋದೆವು.

"ಬಣ್ಣ ನೋಡ್ಲಿಕ್ಕೂ ಟಿಕೇಟಾ?" ಅಂದರು.

ಒಳಗೆ ಅರ್ಧಚಂದ್ರದ ಹಾಗೆ ಮಹಡಿಯ ಮೇಲೆ ಮಹಡಿ. ಬ್ಯಾಲೆನ್ಸ್ ಶೀಟಿನ ಎಡ-ಬಲ ತಾಳೆ ನೋಡಿ ರೂಢಿಯಾದ ನನಗೆ ಈ ಚಿತ್ರಗಳ ಮುಂದೆ ಸಿಟ್ಟೇ ಬಂತು. ಒಂದರಲ್ಲಂತೂ ಬರೀ ಕಪ್ಪು. ಫಲಕದಲ್ಲಿ ಇಂಗ್ಲಿಷು, ಓದಬಲ್ಲೆ, ಆದರೆ ಅಪ್ಪಯ್ಯ ಅರ್ಥ ಕೇಳಿದರೆ?

ಅದಕ್ಕೇ ಕೆ. ಕೆ. ಹೆಬ್ಬಾರರ ಕಥೆ ಹೇಳಿದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಈ ಕಟ್ಟಡದ ಪ್ರಾಯದವರೇ. ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಪ್ಯಾರಿಸ್ಸಿಗೂ ಹೋಗಿ ಬಂದು, 1996ರಲ್ಲಿ ತೀರಿಕೊಳ್ಳುವ ತನಕ ಮುಂಬಯಿಯಲ್ಲೇ ಬಣ್ಣ ಕಲಸಿದವರು.

"ನಮ್ಮ ಬದಿಯವರಾ!" ಅಪ್ಪಯ್ಯ ನಿಂತೇಬಿಟ್ಟರು. ಆಮೇಲೆ ಅವರ ನಡಿಗೆಯೇ ಬೇರೆ. ಕೈ ಹಿಂದೆ ಕಟ್ಟಿಕೊಂಡು, ಪ್ರತಿಯೊಂದರ ಮುಂದೂ ಸಾಕಷ್ಟು ಹೊತ್ತು. ಕಡೆಗೆ ಯಾರದೋ ಒಂದು ಕೆಂಪು-ಬೂದು ಚಿತ್ರ.

"ರಾತ್ರಿ ಒಲೆ ಆರಿಸುವಾಗಿನ ಕೆಂಡ ಇದು, ಮಗಾ."

ಮೂವತ್ತು ವರ್ಷ ಒಲೆಯ ಮುಂದೆ ನಿಂತವರು. ನಾನು ಬಗ್ಗಿ ಫಲಕ ನೋಡಿದೆ. ಶೀರ್ಷಿಕೆ ಇಲ್ಲ ಎಂದಿತ್ತು.