ಆಡು ಮುಟ್ಟದ ಸೊಪ್ಪು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ನಿಮಗೂ ಗೊತ್ತು. ಆದರೆ ನಮ್ಮ ಚಿಗಟೇರಿ ಸುತ್ತಿನ ಕುರುಚಲು ಕಾಡಿನಲ್ಲಿ ಆಡೂ ಸಾಮಾನ್ಯವಾಗಿ ಬಾಯಿ ಹಾಕದ ಗಿಡ ಒಂದಿದೆ. ಅದೇ ಬಂದರಿಕೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಸೋದರಿಯರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಆಳೆತ್ತರದ ಪೊದೆ, ಕೈಗೆ ಅಂಟುವ ಹೊಳಪಿನ ಎಲೆ, ಕಾಗದದಂಥ ರೆಕ್ಕೆಗಳಿರುವ ಕಾಯಿ. ಬಲಿತಾಗ ಆ ಕಾಯಿ ಕೆಂಪಡರುತ್ತದೆ. ಉಳುಕಿದ ಕಾಲಿಗೆ ಎಲೆ ಬಿಸಿ ಮಾಡಿ ಕಟ್ಟುವುದು, ಒಣಗಿದ ಕಡ್ಡಿಯನ್ನು ಒಲೆಗೆ ಇಡುವುದು, ಇಷ್ಟೇ ನಮಗೆ ಗೊತ್ತಿದ್ದ ಉಪಯೋಗ.

ಹೋದ ವರ್ಷ ನನ್ನ ಅಕ್ಕನ ಮಗ ತನ್ನ ಅವ್ವನನ್ನು ಕರಕೊಂಡು ನಾರದಮುನಿ ದೇವರ ದರ್ಶನಕ್ಕೆಂದು ಬೆಂಗಳೂರಿನಿಂದ ಬಂದಿದ್ದ. ಅವನಿಗೆ ಅಲ್ಲಿ ಬಿಯರ್ ತಯಾರಿಸುವ ಕೆಲಸ. ದೊಡ್ಡ ಕಾರ್ಖಾನೆಯಲ್ಲ, ಒಂದು ಸಲಕ್ಕೆ ಸ್ವಲ್ಪವೇ ಮಾಡಿ, ಅಲ್ಲೇ ಬಂದವರಿಗೆ ಕೊಡುವ ಸಣ್ಣ ಜಾಗ. ಬೆಂಗಳೂರಿನಲ್ಲಿ 2011ರ ಹೊತ್ತಿನಿಂದ ಇಂಥವು ಶುರುವಾಗಿವೆಯಂತೆ. ಸಂಜೆ ಅಡ್ಡಾಡಲು ಹೋದವನು ಒಂದು ಚೀಲದ ತುಂಬ ಬಂದರಿಕೆ ಕಾಯಿ ಕಿತ್ತು ತಂದ.

“ಚಿಗವ್ವ, ಇದಕ್ಕ ಇಂಗ್ಲಿಷಿನಾಗ ಏನಂತಾರ ಗೊತ್ತೇನು? ಹಾಪ್ ಬುಷ್! ಆಸ್ಟ್ರೇಲಿಯಾಕ್ಕ ಹೋಗಿ ನೆಲೆಸಿದ ಬಿಳಿಯರು ಹಾಪ್ಸ್ ಸಿಗದಾಗ ಇದೇ ಕಾಯಿ ಹಾಕಿ ಬಿಯರ್ ಮಾಡ್ತಿದ್ರು. ನನಗೊಂದು ಮೂಟಿ ಒಣಗಿಸಿ ಕಳಿಸಿಕೊಡು” ಎಂದ.

ಹಾಪ್ಸ್ ಎಂದರೇನು ಅಂತ ನನಗೇನು ಗೊತ್ತು? ಅವನೇ ಬಿಡಿಸಿ ಹೇಳಿದ. ಅದು ಚಳಿಸೀಮೆಯ ಬಳ್ಳಿ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಸಿಹಿನೀರು ತೆಗೆದು ಕುದಿಸುವಾಗ ಅದರ ಹೂ ಹಾಕಿದರೆ ಕಹಿ ಬರುತ್ತದೆ, ವಾಸನೆ ಬರುತ್ತದೆ, ಬೇಗ ಹುಳಿತು ಕೆಡುವುದೂ ತಪ್ಪುತ್ತದೆ. ನಾವು ಉಪ್ಪಿನಕಾಯಿ ಕೆಡಬಾರದೆಂದು ಉಪ್ಪು, ಸಾಸಿವೆ ಹಾಕುವುದಿಲ್ಲವೇ, ಹಾಗೆ. ಜಿನ್ ಎಂಬುದು ಭಟ್ಟಿ ಇಳಿಸಿದ್ದು. ಅದಕ್ಕೆ ಜೂನಿಪರ್ ಕಾಯಿ ಮುಖ್ಯ. ಜೊತೆಗೆ ನಮ್ಮ ಸಾರಿನಪುಡಿಯ ಕೊತ್ತಂಬರಿ ಬೀಜ, ನಿಂಬೆ ಜಾತಿಯ ಸಿಪ್ಪೆ! ಕೆಲವರು ಅದಕ್ಕೂ ಹಾಪ್ಸ್ ಹಾಕುತ್ತಾರಂತೆ. ಭಟ್ಟಿಯಲ್ಲಿ ಪರಿಮಳ ಹಬೆಯ ಜೊತೆ ಏರುತ್ತದೆ, ಕಹಿ ಮಾತ್ರ ಕೆಳಗೇ ಉಳಿಯುತ್ತದೆ.

ನಿಜ ಹೇಳಬೇಕೆಂದರೆ ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಅಕ್ಕ ಅಲ್ಲಿರಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿದ್ದಳು.

ಯಾಕೆ ಎಂದು ನಿಮಗೆ ಹೇಳಲೇಬೇಕು. ಕಾಡಿನಿಂದ ಕಿತ್ತು ತಂದು ಮದ್ಯಕ್ಕೆ ಹಾಕುವುದು ನಮಗೇನು ಹೊಸದಲ್ಲ. ಬೆಲ್ಲದ ನೀರಿಗೆ ಬಿಳಿಜಾಲಿ ತೊಗಟೆ ಹಾಕಿ, ಕೊಳೆಸಿ, ಕಳ್ಳಬಟ್ಟಿ ಇಳಿಸುತ್ತಿದ್ದ ಕಾಲ ನಾವು ಕಂಡಿದ್ದೇವೆ. ನಮ್ಮ ಭಾವ ಶುರು ಮಾಡಿದ್ದು ಅದರಿಂದಲೇ. ಆಮೇಲೆ ಪಾಕೀಟು ಸಾರಾಯಿ. ಅಕ್ಕನ ತಾಳಿಸರದ ಗುಂಡುಗಳು ಎರಡು ಸಲ ಅಡವಿಗೆ ಹೋದವು. ಪಾಕೀಟು ತರಲು ಅಂಗಡಿಗೆ ಓಡುತ್ತಿದ್ದವನು ಯಾರು ಗೊತ್ತೇ? ಇದೇ ಹುಡುಗ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಾವು ಅಕ್ಕತಂಗಿಯರು ದೇವರಿಗೆ ಕಾಯಿ ಒಡೆಸಿದೆವು. ಭಾವ ಅಗ್ಗದ ವಿಸ್ಕಿಗೆ ಇಳಿದರು. ಮೂರು ವರ್ಷಕ್ಕೆ ಲಿವರ್ ಹೋಗಿ ತೀರಿಕೊಂಡರು. ಹುಡುಗ ನಮ್ಮ ಮನೆಯಲ್ಲೇ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಿದ.

ಆ ರಾತ್ರಿ ಅವನು ಹೇಳಿದ: “ನಾ ಮಾಡೋದು ಅಪ್ಪ ಕುಡಿದಂಥದ್ದಲ್ಲ ಚಿಗವ್ವ. ಲೈಸೆನ್ಸು ಐತಿ, ಲೆಕ್ಕ ಐತಿ. ನಾನು ರುಚಿ ನೋಡೋದು ಬಿಟ್ರ ಕುಡಿಯಂಗಿಲ್ಲ.”

ಅವನ ಮಾತು ಸುಳ್ಳಲ್ಲ. ಅದು ಅವನ ಅನ್ನ. ತಿಂಗಳಿಗೊಮ್ಮೆ ಅವ್ವನಿಗೆ ಔಷಧಿ ತರುವುದೂ ಆ ಸಂಬಳದಲ್ಲೇ. ಆದರೆ ಗಾಜಿನ ಲೋಟ ಚೆಂದವೋ, ಪಾಕೀಟು ಹರುಕೋ ಎಂದು ಲಿವರ್ ಕೇಳುವುದಿಲ್ಲವಲ್ಲ? ನಾನು ಅವನಿಗೆ ಎರಡೇ ಮಾತು ಹೇಳಿದೆ.

ಒಂದು: ಮೈಮೇಲೆ ಕಟ್ಟೋದು ಬೇರೆ, ಹೊಟ್ಟೆಗೆ ಹಾಕೋದು ಬೇರೆ. ಬಂದರಿಕೆಯಲ್ಲಿ ಅಂಟುವಾಳದಲ್ಲಿರುವಂಥ ನೊರೆ ಬರಿಸುವ ಅಂಶವಿದೆ. ಯಾವ ಕಾಲದಲ್ಲೋ ಯಾವ ದೇಶದವರೋ ಹಾಕಿದ್ದರು ಎಂದ ಮಾತ್ರಕ್ಕೆ ನಾಲ್ಕು ಜನರಿಗೆ ಕುಡಿಸಬಹುದೇ? ಮೊದಲು ಮೈಸೂರಿನ ಸಿ.ಎಫ್.ಟಿ.ಆರ್.ಐ.ನಂಥ ಕಡೆ ತಿಳಿದವರನ್ನು ಕೇಳು.

ಎರಡು: ನಿನ್ನ ಅವ್ವನನ್ನು ಕೇಳು.

ಬೆಳಿಗ್ಗೆ ಕೇಳಿದ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಿನ್ನ ಅನ್ನ ನೀ ದುಡಕೋ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮೂರ ಗಿಡ ಅದರಾಗ ಹಾಕಬ್ಯಾಡ. ನಿಮ್ಮಪ್ಪನ ಕಾಲು ಉಳುಕಿದಾಗೆಲ್ಲ ಇದನ್ನ ಕಟ್ಟೀನಿ. ಕುಡಿದು ಬಿದ್ದೇ ಉಳುಕತಿದ್ವು” ಎಂದಳು.

ಹುಡುಗ ಏನೂ ಹೇಳಲಿಲ್ಲ. ಹಿತ್ತಲಿಗೆ ಹೋಗಿ ಚೀಲ ಬರಿದು ಮಾಡಿ ಬಂದ. ಊಟಕ್ಕೆ ಜೋಳದ ಅಂಬಲಿ ಇಟ್ಟಿದ್ದೆ. ರಾತ್ರಿ ನಾಲ್ಕು ಚಮಚ ಜೋಳದ ಹಿಟ್ಟನ್ನು ಒಂದು ಸೌಟು ಹುಳಿಮಜ್ಜಿಗೆಯಲ್ಲಿ ಕಲಸಿಟ್ಟು, ಬೆಳಿಗ್ಗೆ ನಾಲ್ಕು ಲೋಟ ಕುದಿನೀರಿಗೆ ಬಿಟ್ಟು, ಗಂಟಾಗದಂತೆ ಹತ್ತು ನಿಮಿಷ ತಿರುವಿ, ಆರಿದ ಮೇಲೆ ಉಪ್ಪು, ಜೀರಿಗೆ ಪುಡಿ, ಮಜ್ಜಿಗೆ ಬೆರೆಸುವುದು. ಎರಡು ಚೊಂಬು ಕುಡಿದ. “ಇದೂ ಹುಳಿ ಬರಿಸಿದ್ದೇ ಅಲ್ಲ, ಚಿಗವ್ವ” ಎಂದು ನಕ್ಕ. ಅಕ್ಕನೂ ನಕ್ಕಳು.

ಸೋದರಿಯರೇ, ಇದನ್ನು ಓದಿ ನಿಮ್ಮ ಮನೆಯ ಹುಡುಗರು ಯಾರಾದರೂ ‘ಮಾಡಿ ನೋಡೋಣ’ ಎಂದರೆ ಗದರಿಸಿಬಿಡಿ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡದು ಜೀವ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಕಳ್ಳಸಾರಾಯಿ ಕುಡಿದು ಸುಮಾರು 300 ಮಂದಿ ಸತ್ತರು. ಅಷ್ಟೂ ಮನೆಗಳಲ್ಲಿ ನಮ್ಮಂಥ ಹೆಂಗಸರಿದ್ದರು.

ಮಗನ ದುಡಿಮೆಯನ್ನೂ ಹಳಿಯದೆ, ತನ್ನ ನೋವನ್ನೂ ಮುಚ್ಚಿಡದೆ ಅಕ್ಕ ಆಡಿದ ಮಾತು ನನಗೆ ಸರಿ ಎನಿಸಿತು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?